ಬಣ್ಣ ಮಾಸಿದ್ದಕ್ಕೆ ಬಿಸಿಲೇ ಕಾರಣನಾ? ಪತ್ತೆ ಹಚ್ಚುವ ಬಗೆ

ಪರದೆ ಬಿಳಚಿಕೊಂಡರೆ ಬಿಸಿಲು. ಕಾರಿನ ಬಾನೆಟ್ ಮಂಕಾದರೆ ಬಿಸಿಲು. ಕಪ್ಪು ಶರ್ಟ್ ಬೂದಿ ಬಣ್ಣಕ್ಕೆ ತಿರುಗಿದರೂ ಬಿಸಿಲೇ. ಎಲ್ಲದಕ್ಕೂ ಬಿಸಿಲಿನ ಮೇಲೆ ಗೂಬೆ ಕೂರಿಸಿಬಿಡುತ್ತೇವೆ. ಎಷ್ಟೋ ಸಲ ಅದು ನಿಜವೇ. ಆದರೆ ಒಗೆತ, ಉಜ್ಜಾಟ, ಬ್ಲೀಚಿಂಗ್ ಪುಡಿ, ಬೋರ್‌ವೆಲ್ ನೀರು ಇವುಗಳಿಂದಲೂ ಹೆಚ್ಚುಕಡಿಮೆ ಹೀಗೇ ಕಾಣುವ ಹಾನಿ ಆಗುತ್ತದೆ. ಕಾರಣ ಬೇರೆಯಾದರೆ ಮದ್ದೂ ಬೇರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಮಾಸಿದ್ದರಲ್ಲಿ ಎರಡು ಜಾತಿ. ಒಂದರಲ್ಲಿ ಬಣ್ಣ ಒಳಗೆ ಹಾಗೇ ಇರುತ್ತದೆ, ಮೇಲ್ಮೈ ಮಾತ್ರ ಕೆಟ್ಟಿರುತ್ತದೆ. ಇದು ವಾಪಸ್ ಬರುತ್ತದೆ. ಇನ್ನೊಂದರಲ್ಲಿ ಬಣ್ಣದ ಅಣುವೇ ಮುರಿದುಹೋಗಿರುತ್ತದೆ, ಇಲ್ಲವೇ ತೊಳೆದುಹೋಗಿರುತ್ತದೆ. ಇದಕ್ಕೆ ಯಾವ ಸೋಪೂ ಇಲ್ಲ, ಯಾವ ಪಾಲಿಶೂ ಇಲ್ಲ. ನಿಮ್ಮದು ಯಾವ ಜಾತಿ ಅಂತ ಗೊತ್ತಾಗುವ ಮೊದಲೇ ದುಡ್ಡು ಖರ್ಚು ಮಾಡಬೇಡಿ.

ಬಟ್ಟೆಯಾದರೆ ಮಡಿಕೆ ಬಿಚ್ಚಿ

ಪರದೆಯ ಕೆಳಗಿನ ಅಂಚನ್ನು ಎರಡು ಸುತ್ತು ಮಡಿಚಿ ಹೊಲಿದಿರುತ್ತಾರೆ. ಆ ಹೊಲಿಗೆಯನ್ನು ಒಂದೆರಡು ಇಂಚು ಬಿಚ್ಚಿ, ಒಳಗಿನ ಬಟ್ಟೆಯನ್ನು ಹೊರಗಿನದರ ಪಕ್ಕ ಇಟ್ಟು ನೋಡಿ. ಒಳಗಿನ ಮಡಿಕೆಗೂ ಹೊರಗಿನಷ್ಟೇ ನೀರು, ಅಷ್ಟೇ ಸೋಪು ಬಿದ್ದಿದೆ. ತಾಗಿಲ್ಲದ್ದು ಬೆಳಕು, ಉಜ್ಜಾಟ ಎರಡೇ. ಹಾಗಾಗಿ ಒಳಗಿನದು ಗಾಢವಾಗಿ, ಹೊರಗಿನದು ಪೇಲವವಾಗಿದ್ದರೆ ಕಾರಣ ಬೆಳಕು, ಇಲ್ಲವೇ ಉಜ್ಜಾಟ. ಎರಡೂ ಒಂದೇ ಸಮ ಮಾಸಿದ್ದರೆ ಬಿಸಿಲನ್ನು ಸುಮ್ನೆ ಬೈಯಬೇಡಿ. ಅದು ಒಗೆತದ್ದೇ ಕೆಲಸ.

ಬೆಳಕೋ ಉಜ್ಜಾಟವೋ ಅಂತ ಬೇರ್ಪಡಿಸುವುದು ಕಷ್ಟವಲ್ಲ. ಉಜ್ಜಾಟ ಎದ್ದು ನಿಂತ ಕಡೆಗಳನ್ನು ತಿನ್ನುತ್ತದೆ: ಕಾಲರ್ ಮಡಿಕೆ, ಜೇಬಿನ ಬಾಯಿ, ಮೊಣಕಾಲು, ಸೋಫಾದ ಕೈ. ಬೆಳಕು ಹಾಗಲ್ಲ, ತಾನು ನೇರವಾಗಿ ಬಿದ್ದಲ್ಲೆಲ್ಲ ಸಮವಾಗಿ ತಿನ್ನುತ್ತದೆ, ನೆರಳಿದ್ದಲ್ಲಿ ಬಿಡುತ್ತದೆ. ನೆರಿಗೆ ಪರದೆಯನ್ನು ಪೂರ್ತಿ ಎಳೆದು ಹರಡಿ ನೋಡಿ. ಉದ್ದುದ್ದ ಪಟ್ಟೆ ಕಾಣುತ್ತದೆ. ಕಿಟಕಿ ಕಡೆ ಉಬ್ಬಿದ್ದ ನೆರಿಗೆ ಬಿಳಿಚಿಕೊಂಡಿರುತ್ತದೆ, ಒಳಗೆ ತಗ್ಗಿದ್ದ ನೆರಿಗೆ ಹೊಸದರ ಹಾಗೇ ಇರುತ್ತದೆ. ತೆರೆದ ಕಪಾಟಿನಲ್ಲಿ ಹ್ಯಾಂಗರ್‌ಗೆ ತೂಗುಹಾಕಿದ ಶರ್ಟಿನಲ್ಲೂ ಇದೇ ಕಥೆ. ಕಿಟಕಿ ಕಡೆಯ ಒಂದು ಭುಜ ಮಾತ್ರ ಮಾಸಿರುತ್ತದೆ. ಒಂದೇ ಭುಜ ಸವೆಯುವ ಹಾಗೆ ಒಗೆಯುವವರು ಯಾರೂ ಇಲ್ಲ ಅಲ್ವಾ?

ಮಡಿಕೆ ಪರೀಕ್ಷೆಯಲ್ಲಿ ಬಿಸಿಲು ಖುಲಾಸೆಯಾದರೆ ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಚೆನ್ನಾಗಿ ಉಜ್ಜಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಬಣ್ಣ ನೂಲಿಗೆ ಸರಿಯಾಗಿ ಕಚ್ಚಿಲ್ಲ, ಪ್ರತಿ ಒಗೆತಕ್ಕೂ ಬಿಡುತ್ತಿದೆ ಅಂತ ಅರ್ಥ. ಕರ್ಚೀಫ್ ಬೆಳ್ಳಗೇ ಉಳಿದು, ಗಾಢ ಬಟ್ಟೆ ಮಾತ್ರ ಬೂದಿ ಬಳಿದ ಹಾಗಿದ್ದರೆ ಗಡಸು ನೀರಿನ ಸುಣ್ಣ, ತೊಳೆದುಹೋಗದ ಸೋಪುಪುಡಿ ಕೂತಿರಬಹುದು. ಒಂದು ಮೂಲೆಯನ್ನು ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಒಣಗಿಸಿ. ಆ ಮೂಲೆ ಕಪ್ಪಗಾದರೆ ನಿಮ್ಮ ಬಟ್ಟೆಗೆ ಏನೂ ಆಗಿಲ್ಲ.

ಮಾಸಿದ್ದು ಚುಕ್ಕೆ ಚುಕ್ಕೆಯಾಗಿದ್ದರೆ ಬಿಸಿಲಿನ ಮಾತೇ ಎತ್ತಬೇಡಿ. ಕಪ್ಪು ಬಟ್ಟೆಯ ಮೇಲೆ ಕೇಸರಿ ಚುಕ್ಕೆ ಬಿದ್ದಿದ್ದರೆ ಬಚ್ಚಲು ತೊಳೆಯುವ ಬ್ಲೀಚ್ ಸಿಡಿದಿದೆ. ಟವೆಲ್, ದಿಂಬಿನ ಕವರ್ ಮೇಲೆ ಬಂದರೆ ಮನೆಯಲ್ಲಿ ಯಾರಾದರೂ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮ್ ಹಚ್ಚುತ್ತಾರಾ ಕೇಳಿ. ಅದೂ ಬಣ್ಣ ತಿನ್ನುವ ರಾಸಾಯನಿಕವೇ. ಇದು ಗೊತ್ತಿಲ್ಲದೆ ಸೋಪು ಬದಲಾಯಿಸುತ್ತಲೇ ಇರುವ ಮನೆಗಳು ಬೇಕಾದಷ್ಟಿವೆ.

ಗಟ್ಟಿ ವಸ್ತುವಾದರೆ ನೀರು ಹಚ್ಚಿ

ಕಾರು, ಗೇಟು, ಗೋಡೆ, ನೆಲ, ಮರ ಇವಕ್ಕೆಲ್ಲ ಒಂದೇ ಪರೀಕ್ಷೆ ಸಾಕು. ಮಾಸಿದ ಜಾಗಕ್ಕೆ ನೀರು ಸವರಿ. ಒದ್ದೆ ಇರುವಷ್ಟು ಹೊತ್ತು ಹಳೇ ಬಣ್ಣ ಮರಳಿ ಬಂದರೆ ಖುಷಿಪಡಿ. ಬಣ್ಣ ಸತ್ತಿಲ್ಲ, ಮೇಲ್ಮೈ ತರಿತರಿಯಾಗಿದೆ ಅಷ್ಟೇ. ತರಿಯಾದ ಮೇಲ್ಮೈ ಬೆಳಕನ್ನು ಎಲ್ಲಾ ದಿಕ್ಕಿಗೂ ಚದುರಿಸುತ್ತದೆ, ಬಣ್ಣದ ಜೊತೆ ಬಿಳುಪು ಬೆರೆತು ಕಣ್ಣಿಗೆ ಬೀಳುತ್ತದೆ. ನೀರು ಆ ತರಿಗಳ ನಡುವೆ ತುಂಬಿಕೊಂಡಾಗ ಚದುರುವುದು ಕಡಿಮೆಯಾಗುತ್ತದೆ. ಬಟ್ಟೆಗೆ ಈ ಪರೀಕ್ಷೆ ಮಾಡಬೇಡಿ. ಯಾವ ಬಟ್ಟೆಯಾದರೂ ಒದ್ದೆಯಾದರೆ ಗಾಢವಾಗಿಯೇ ಕಾಣುತ್ತದೆ.

ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಇದಕ್ಕೆ ಒಳ್ಳೇ ಉದಾಹರಣೆ. ಕಿಟಕಿ ಪಕ್ಕ ಬಿಳಿಚಿಕೊಂಡಿದ್ದರೆ ಬಿಸಿಲು ಹೊಡೆದಿದೆ ಅನ್ನುತ್ತಾರೆ. ಆ ಕೆಂಪು ಕಬ್ಬಿಣದ ಆಕ್ಸೈಡ್. ಅಂದರೆ ಆಗಲೇ ತುಕ್ಕು ಹಿಡಿದ ವಸ್ತು. ಗಾಳಿಯ ಆಮ್ಲಜನಕ ಅದಕ್ಕೆ ಇನ್ನೇನು ಮಾಡೀತು? ಬಿಸಿಲಿಗೆ ಅದು ಜಗ್ಗುವುದಿಲ್ಲ. ಕರಾವಳಿಯ ದೇವಸ್ಥಾನದ ಗೋಡೆಗಳ ಮೇಲಿನ ಕಾವಿ ಚಿತ್ರಗಳಲ್ಲಿರುವುದೂ ಇದೇ ಕೆಮ್ಮಣ್ಣು. ನೆಲ ಬಿಳಿಚಲು ಓಡಾಟದ ಸವೆತ ಕಾರಣ, ಇಲ್ಲವೇ ತೇವದ ಜೊತೆ ಕೆಳಗಿನಿಂದ ಮೇಲೇರಿ ಒಣಗಿದ ಉಪ್ಪು ಕಾರಣ. ನೀರು ಸವರಿದರೆ ಕೆಂಪು ತಿರುಗಿ ಬರುತ್ತದೆ. ಚೆನ್ನಾಗಿ ಒರೆಸಿ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿದರೆ ಕೆಲವು ದಿನ ನಿಲ್ಲುತ್ತದೆ.

ಹೊರಗೋಡೆಯ ಬಣ್ಣದಲ್ಲಿ ನಡೆಯುವುದು ಸ್ವಲ್ಪ ತಮಾಷೆಯಾಗಿದೆ. ಗೋಡೆಗೆ ಅಂಗೈ ಉಜ್ಜಿ. ಸುಣ್ಣದ ಹಾಗೆ ಬಿಳಿ ಪುಡಿ ಹತ್ತಿದರೆ ಕೆಟ್ಟಿದ್ದು ಬಣ್ಣವಲ್ಲ, ಬಣ್ಣವನ್ನು ಹಿಡಿದುಕೊಂಡಿದ್ದ ಅಂಟು. ಪೇಂಟಿನಲ್ಲಿ ಬಿಳುಪಿಗಾಗಿ ಹಾಕುವ ಟೈಟಾನಿಯಂ ಡೈಆಕ್ಸೈಡ್ ತಾನು ಹಾಳಾಗುವುದಿಲ್ಲ. ಆದರೆ ನೇರಳಾತೀತ ಕಿರಣ ಹೀರಿಕೊಂಡು ತನ್ನ ಸುತ್ತಲಿನ ಅಂಟನ್ನೇ ಕರಗಿಸುತ್ತಾ ಹೋಗುತ್ತದೆ. ಅಂಟು ಹೋದ ಮೇಲೆ ಪುಡಿ ಸಡಿಲವಾಗಿ ಉಳಿಯುತ್ತದೆ. ಹೊರಗೋಡೆಗೆ ಮಾಡುವ ಪೇಂಟಿನಲ್ಲಿ ಈ ಚಾಳಿ ಕಡಿಮೆ ಇರುವ ರೂಟೈಲ್ ಜಾತಿಯನ್ನು, ಅದರ ಕಣಗಳ ಮೇಲೂ ಇನ್ನೊಂದು ಲೇಪ ಕೊಟ್ಟು, ಬಳಸುತ್ತಾರೆ. ಒಳಗೋಡೆಯ ಪೇಂಟ್ ಉಳಿದಿದೆ ಅಂತ ಹೊರಗೆ ಹೊಡೆಸುವುದು ಎಷ್ಟು ದಡ್ಡತನ ಅಂತ ಇದರಿಂದಲೇ ಗೊತ್ತಾಗುತ್ತದೆ.

ಬಿಸಿಲು ಅಷ್ಟಕ್ಕೂ ಮಾಡುವುದೇನು?

ಬಿಸಿಲಿನ ಬಿಸಿ ಬಣ್ಣವನ್ನು ಸುಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಇಸ್ತ್ರಿಪೆಟ್ಟಿಗೆ ಹತ್ತಿ ಬಟ್ಟೆಗೆ ಸುಮಾರು 200 ಡಿಗ್ರಿವರೆಗೆ ಕಾಯುತ್ತದೆ. ವರ್ಷಗಟ್ಟಲೆ ಇಸ್ತ್ರಿ ಹಾಕಿದರೂ ಬಣ್ಣ ಹಾಗೆ ಹೋಗುವುದಿಲ್ಲ. ರಾಯಚೂರಿನ ಬಿಸಿಲಿನಲ್ಲೂ ಬಟ್ಟೆ ಅಷ್ಟು ಕಾಯುವುದಿಲ್ಲ, ಆದರೂ ಬಣ್ಣ ಹೋಗುತ್ತದೆ. ಅಂದಮೇಲೆ ಕೆಲಸ ಮಾಡುವುದು ಬೆಳಕು. ಬಿಸಿ ಅದಕ್ಕೆ ಚುರುಕು ಕೊಡುತ್ತದೆ ಅಷ್ಟೇ.

ಬಣ್ಣದ ಅಣುವಿನಲ್ಲಿ ಪರಮಾಣುಗಳು ಒಂದು ಸಾಲಿನಲ್ಲಿ ಒಂಟಿ ಬಂಧ, ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ ಅಂತ ಕೂತಿರುತ್ತವೆ. ಈ ಸಾಲು ಉದ್ದ ಇರುವುದರಿಂದಲೇ ಅದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತದೆ. ಉಳಿದದ್ದು ನಮಗೆ ಬಣ್ಣವಾಗಿ ಕಾಣುತ್ತದೆ. ಸಾಲಿನಲ್ಲಿ ಒಂದು ಕಡೆ ಮುರಿದರೂ ಸಾಕು, ಅಣು ಬಿಳಿಯಾಯಿತು. ಬಟ್ಟೆಯಿಂದ ಅದು ಉದುರಿಹೋಗಿರುವುದಿಲ್ಲ. ಅಲ್ಲೇ ಇರುತ್ತದೆ, ಆದರೆ ಬಣ್ಣವಿಲ್ಲದೆ.

ಹೀರಿಕೊಂಡ ಬೆಳಕು ಮಾತ್ರ ರಾಸಾಯನಿಕ ಬದಲಾವಣೆ ಮಾಡಬಲ್ಲದು ಅಂತ ಗ್ರೋಟ್‌ಹಸ್ ಎಂಬ ರಸಾಯನವಿಜ್ಞಾನಿ 1817ರಲ್ಲೇ ಹೇಳಿದ್ದ. ಬಣ್ಣಗಳ ಹಣೆಬರಹ ಇಲ್ಲೇ ಇದೆ. ಬೆಳಕು ಹೀರದಿದ್ದರೆ ಅದು ಬಣ್ಣವೇ ಅಲ್ಲ. ಹೀರಿದರೆ ಪೆಟ್ಟು ತಪ್ಪಿದ್ದಲ್ಲ. ಪೆಟ್ಟಿನ ಜೋರು ಎಷ್ಟು ಅನ್ನುವುದು ಬೆಳಕಿನ ಜಾತಿಯ ಮೇಲೆ ಹೋಗುತ್ತದೆ. ತೆಂಗಿನಕಾಯಿಗೆ ನೂರು ಸಲ ಕೈಯಲ್ಲಿ ತಟ್ಟಿದರೂ ಒಡೆಯುವುದಿಲ್ಲ, ಕಲ್ಲಿಗೆ ಒಂದೇ ಸಲ ಕುಕ್ಕಿದರೆ ಎರಡು ಹೋಳು. ಕೆಂಪು ಬೆಳಕಿನ ಕಣಗಳು ತಟ್ಟುವ ಕೈ, ನೇರಳಾತೀತ ಕಣಗಳು ಕುಕ್ಕುವ ಏಟು. ನೆಲಕ್ಕೆ ತಲುಪುವ ಬಿಸಿಲಿನಲ್ಲಿ ನೇರಳಾತೀತ ಇರುವುದು ನೂರಕ್ಕೆ ಐದರಷ್ಟು. ಹಾನಿಯಲ್ಲಿ ಅದರ ಪಾಲು ಮಾತ್ರ ಅದಕ್ಕಿಂತ ಬಹಳ ಜಾಸ್ತಿ. ಹಾಗಂತ ಕಣ್ಣಿಗೆ ಕಾಣುವ ನೀಲಿ, ನೇರಳೆ ಬೆಳಕೂ ಸಾಧುವಲ್ಲ. ಮೆತ್ತನೆಯ ಬಣ್ಣಗಳನ್ನು ಅದೇ ಮುಗಿಸಿಬಿಡುತ್ತದೆ.

ಇನ್ನಿಬ್ಬರು ಜೊತೆಗಾರರಿದ್ದಾರೆ: ಗಾಳಿ ಮತ್ತು ತೇವ. 1888ರಲ್ಲಿ ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬಿಬ್ಬರು ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮ ಪರೀಕ್ಷಿಸಿ ವರದಿ ಕೊಟ್ಟರು. ಗಾಳಿಯೂ ತೇವವೂ ಇದ್ದಾಗ ಮಾಸುತ್ತಿದ್ದ ಬಣ್ಣಗಳಲ್ಲಿ ಹೆಚ್ಚಿನವು ಗಾಳಿ ತೆಗೆದ ಕೊಳವೆಯೊಳಗೆ ಹಾಗೇ ಉಳಿದವು. ಬೆಳಕು ಹೀರಿ ಕೆರಳಿದ ಅಣುವಿನ ಮೇಲೆ ಆಮ್ಲಜನಕ ಬೀಳುತ್ತದೆ, ತೇವ ಅದಕ್ಕೆ ದಾರಿ ಸಲೀಸು ಮಾಡಿಕೊಡುತ್ತದೆ. ಒದ್ದೆ ಬಟ್ಟೆಯನ್ನು ಮಟಮಟ ಮಧ್ಯಾಹ್ನ ತಾರಸಿ ಮೇಲೆ ಹರವುವುದು ಬಣ್ಣಕ್ಕೆ ಯಾಕೆ ಆಗಿಬರುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಬೇಕಾದರೆ ಅರಿಶಿನ ಸಾಕು. ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿ ಹಳದಿ ಕಲೆಯಾಗಿದೆ ಅಂದುಕೊಳ್ಳಿ. ಸೋಪು ಹಾಕಿದ ತಕ್ಷಣ ಕಲೆ ಕೆಂಪಗಾಗುತ್ತದೆ. ಗಾಬರಿ ಬೇಡ, ಸೋಪಿನ ಕ್ಷಾರಕ್ಕೆ ಅರಿಶಿನದ ಕರ್ಕ್ಯುಮಿನ್ ಹಾಗೇ ತಿರುಗುತ್ತದೆ. ತೊಳೆದರೆ ಮತ್ತೆ ಹಳದಿ. ಎಷ್ಟು ತಿಕ್ಕಿದರೂ ಹೋಗದ ಆ ಹಳದಿ, ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ತೆಳ್ಳಗಾಗಿರುತ್ತದೆ. ನಮ್ಮ ಮನೆಗಳಲ್ಲಿ ಬಿಸಿಲಿನ ಈ ಕೆಟ್ಟ ಗುಣವನ್ನು ಲಾಭಕ್ಕೆ ಬಳಸುವುದು ಮೊದಲಿಂದಲೂ ಇದೆ. ನೈಸರ್ಗಿಕ ಬಣ್ಣ ಅಂತ ಅರಿಶಿನದಲ್ಲಿ ಅದ್ದಿದ ಬಟ್ಟೆಯನ್ನು ಕಿಟಕಿ ಪರದೆಗೆ ಕೊಳ್ಳುವವರು ಇದನ್ನು ನೆನಪಿಡಿ. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ ಇದಕ್ಕಿಂತ ಎಷ್ಟೋ ಗಟ್ಟಿ.

ಬಣ್ಣ ತಿರುಗಿದ್ದರೆ ಅದೇ ಸುಳಿವು

ಕೆಲವು ಸಲ ಬಣ್ಣ ಬರೀ ತೆಳ್ಳಗಾಗುವುದಿಲ್ಲ, ಬೇರೆ ಬಣ್ಣವೇ ಆಗುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಯ ಹಳೇ ಪೋಸ್ಟರ್ ನೋಡಿ. ಮುಖಗಳೆಲ್ಲ ನೀಲಿ. ಮುದ್ರಣದ ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಕೆಂಗುಲಾಬಿ ಮೊದಲು ಸೋಲುತ್ತವೆ. ನೀಲಿಗೆ ಬಳಸುವ ತಾಮ್ರದ ಥ್ಯಾಲೋಸಯನಿನ್, ಕಪ್ಪಿಗೆ ಬಳಸುವ ಕಾಡಿಗೆ ಇವೆರಡೂ ಬಿಸಿಲಿಗೆ ಬಲು ಗಟ್ಟಿ. ಹಸಿರು ಪರದೆ ನೀಲಿಗೆ ತಿರುಗಿದರೂ ಹೀಗೇ ಲೆಕ್ಕ ಹಾಕಿ: ಹಳದಿ, ನೀಲಿ ಬೆರೆಸಿ ಮಾಡಿದ ಹಸಿರು ಅದು, ಹಳದಿ ಸತ್ತಿದೆ. ವಿನ್ಸೆಂಟ್ ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆಗೆ ನೇರಳೆ ಹಚ್ಚಿದ್ದ. ಇವತ್ತು ಆ ಗೋಡೆ ನೀಲಿಯಾಗಿ ಕಾಣುತ್ತದೆ. ಬೆರಕೆಯಲ್ಲಿದ್ದ ಕೆಂಪು ಹೋಗಿದೆ.

ಇಲ್ಲಿ ಮೋಸಹೋಗುವ ಜಾಗ ಎರಡಿವೆ. 1970ರ ಆಸುಪಾಸಿನ ಕಲರ್ ಫೋಟೋಗಳು ಆಲ್ಬಮ್ಮಿನಲ್ಲೇ ಕೆಂಪಾಗಿರುತ್ತವೆ. ಬೆಳಕೇ ಕಾಣದ ಕಪಾಟಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಆ ಕಾಲದ ಫೋಟೋಗಳ ನೀಲಿಹಸಿರು ಬಣ್ಣ ಕತ್ತಲಲ್ಲೂ ತಾನಾಗಿ ಕೆಡುತ್ತಿತ್ತು, ಸೆಕೆ ಮತ್ತು ತೇವ ಅದಕ್ಕೆ ಕುಮ್ಮಕ್ಕು ಕೊಡುತ್ತಿದ್ದವು. ಎರಡನೆಯದು ಅಂಗಡಿ ಬಿಲ್. ಅದು ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುವ ಲೇಪ ಅದರ ಮೇಲಿರುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಬಿಲ್ ಪೂರ್ತಿ ಕಪ್ಪಾದರೆ ಅದು ಬಿಸಿಯ ಕೆಲಸ. ಅಕ್ಷರ ಮಾಯವಾದರೆ ಬೆಳಕು, ಕೈಯ ಎಣ್ಣೆ, ಅಥವಾ ಪ್ಲಾಸ್ಟಿಕ್ ಕವರ್. ವಾರಂಟಿ ಬಿಲ್ ಆದರೆ ಕೊಂಡ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಕಿಟಕಿಗೆ ಗಾಜು ಇದೆಯಲ್ಲ?

ಗಾಜು ಪೂರ್ತಿ ಕಾಪಾಡುವುದಿಲ್ಲ. ಮಾಮೂಲಿ ಕಿಟಕಿ ಗಾಜು ನೇರಳಾತೀತದಲ್ಲಿ ತೀರಾ ಚೂಪಾದ ಬಿ ಭಾಗವನ್ನು ಹೆಚ್ಚೂಕಡಿಮೆ ತಡೆಯುತ್ತದೆ. 315ರಿಂದ 400 ನ್ಯಾನೋಮೀಟರ್‌ವರೆಗಿನ ಅಲೆಯುದ್ದದ ಎ ಭಾಗ ಬಹಳಷ್ಟು ಒಳಗೆ ಬರುತ್ತದೆ. ಕಾಣುವ ಬೆಳಕಂತೂ ಬಂದೇ ಬರುತ್ತದೆ. ನೇರಳಾತೀತ ತಡೆಯುವ ಫಿಲ್ಮ್ ಅಂಟಿಸಿದರೆ ಮಾಸುವ ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ತಡೆ ಅಂತ ಡಬ್ಬಿ ಮೇಲೆ ಬರೆದಿದ್ದರೆ ಅದು ನೇರಳಾತೀತದ ಲೆಕ್ಕ, ಮಾಸುವುದರ ಲೆಕ್ಕ ಅಲ್ಲ.

ಬೆಳಕಿನ ಪ್ರಮಾಣ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ವಸ್ತುಸಂಗ್ರಹಾಲಯಗಳಲ್ಲಿ ಹಳೇ ಜವಳಿಗೆ, ಜಲವರ್ಣಕ್ಕೆ 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ (ಲಕ್ಸ್ ಅಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ಅದಕ್ಕೇ ಅಲ್ಲಿ ಅಷ್ಟು ಮಬ್ಬು. ದಿನಕ್ಕೆ 8 ಗಂಟೆಯಂತೆ ವರ್ಷವಿಡೀ ಆ ಬೆಳಕು ಬಿದ್ದರೆ ಒಟ್ಟು 1,46,000 ಲಕ್ಸ್ ಗಂಟೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಅಲ್ಲಿನ ಒಂದು ವರ್ಷದ ಬೆಳಕು ನಿಮ್ಮ ತಾರಸಿಯ ತಂತಿ ಮೇಲೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ನೇರಳಾತೀತ ಬೇರೆ ಜೊತೆಗೆ.

ಈಗ ಏನು ಮಾಡುವುದು?

ಕಾರು ಅಥವಾ ಸ್ಕೂಟರ್ ನೀರಿನ ಪರೀಕ್ಷೆಯಲ್ಲಿ ಪಾಸಾದರೆ, ತೊಳೆದು ಒಣಗಿಸಿ, ಮೂಲೆಯಲ್ಲೊಂದು ಅಂಗೈಯಗಲ ಜಾಗಕ್ಕೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಕೈಯಲ್ಲೇ ತಿಕ್ಕಿ. ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿದರೆ ಅದು ಹಳೇ ಕಾಲದ ಒಂದೇ ಪದರದ ಪೇಂಟ್. ಸತ್ತ ಪದರ ತೆಗೆದರೆ ಅಡಿಯ ಬಣ್ಣ ಹೊಳೆಯುತ್ತದೆ, ಮೇಲೆ ವ್ಯಾಕ್ಸ್ ಹಚ್ಚಿ. ಬಣ್ಣ ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದೆ. ಅದು ಬರೀ ಮಂಕಾಗಿದ್ದರೆ ಪಾಲಿಶ್ ಸಾಕು. ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿದ್ದರೆ ಪಾಲಿಶ್‌ಗೆ ದುಡ್ಡು ಹಾಕಬೇಡಿ, ಆ ಪ್ಯಾನೆಲ್‌ಗೆ ಮರುಪೇಂಟೇ ಗತಿ.

ಪುಡಿಯುದುರುವ ಗೋಡೆಯ ಮೇಲೆ ನೇರವಾಗಿ ಹೊಸ ಪೇಂಟ್ ಹೊಡೆದರೆ ಅದು ಪುಡಿಗೆ ಅಂಟುತ್ತದೆ, ಗೋಡೆಗಲ್ಲ. ಮೊದಲು ಉಜ್ಜಿ ತೊಳೆಸಿ, ಪೂರ್ತಿ ಒಣಗಿದ ಮೇಲೆ ಹೊರಗೋಡೆಯ ಪ್ರೈಮರ್, ಆಮೇಲೆ ಎರಡು ಕೋಟ್. ಪೇಂಟರ್ ಪ್ರೈಮರ್ ಬೇಡ ಸಾರ್ ಅಂದರೆ ಅವರ ಮುಂದೆಯೇ ಗೋಡೆಗೆ ಅಂಗೈ ಉಜ್ಜಿ ತೋರಿಸಿ.

ಬಟ್ಟೆಯಲ್ಲಿ ಬೆಳಕಿಗೆ ಸತ್ತ ಬಣ್ಣಕ್ಕೆ ದಾರಿ ಒಂದೇ, ಮತ್ತೆ ಬಣ್ಣ ಹಾಕಿಸುವುದು. ಹತ್ತಿ, ರೇಷ್ಮೆ ಒಪ್ಪಿಕೊಳ್ಳುತ್ತವೆ, ಮೊದಲಿಗಿಂತ ಗಾಢ ಬಣ್ಣ ಆರಿಸಿ. ಪಾಲಿಯೆಸ್ಟರ್‌ಗೆ ಸುಮಾರು 130 ಡಿಗ್ರಿ ಬಿಸಿ ಬೇಕು, ಮನೆಯ ಪಾತ್ರೆಯಲ್ಲಿ ಆಗುವ ಕೆಲಸವಲ್ಲ. ಹಾಕಿಸುವ ಮೊದಲು ಬಟ್ಟೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ. ರೇಷ್ಮೆಯ ನೂಲನ್ನೇ ಬಿಸಿಲು ತಿನ್ನುತ್ತದೆ. ನೂಲು ಲಡ್ಡಾಗಿದ್ದರೆ ಬಣ್ಣದ ಖರ್ಚೂ ದಂಡ. ಅದಕ್ಕೇ ರೇಷ್ಮೆ ಸೀರೆಯನ್ನು ನೆರಳಲ್ಲಿ ಒಣಗಿಸಿ ಅನ್ನುವುದು. ಉಳಿದ ಬಟ್ಟೆಗಳನ್ನು ಒಳಮೈ ಹೊರಗೆ ಮಾಡಿ ಹರವಿ, ಒಣಗಿದ ಕೂಡಲೇ ತೆಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವ ಮಾತಿಗೂ ಬಿಸಿಲಿಗೂ ಸಂಬಂಧವೇ ಇಲ್ಲ. ಪ್ಲಾಸ್ಟಿಕ್ ಕುರ್ಚಿ, ಬಟ್ಟೆ ಕ್ಲಿಪ್ಪುಗಳು ಬಿಳಿಚಿ ಪುಡಿಯಾಗುತ್ತಿದ್ದರೆ ಬಣ್ಣವಲ್ಲ, ಪ್ಲಾಸ್ಟಿಕ್ಕೇ ಮುಗಿದಿದೆ. ಅಂಥ ಕುರ್ಚಿಯ ಮೇಲೆ ಹತ್ತಿ ನಿಲ್ಲಬೇಡಿ. ಕ್ಲಿಪ್ಪು ಸ್ಟೀಲಿನದು ತನ್ನಿ.

ಹೊಸ ಪರದೆ ಕೊಳ್ಳುವಾಗ ಬೆಳಕಿಗೆ ಎಷ್ಟು ಅಂಕ ಅಂತ ಕೇಳಿ. ಪರೀಕ್ಷೆ ಮಾಡುವವರು ಬಟ್ಟೆಯ ಪಕ್ಕ ಎಂಟು ನೀಲಿ ಉಣ್ಣೆ ತುಂಡುಗಳನ್ನಿಟ್ಟು ಒಟ್ಟಿಗೆ ಬೆಳಕಿಗೆ ಒಡ್ಡುತ್ತಾರೆ. ಒಂದನೆಯದು ಬೇಗ ಮಾಸುತ್ತದೆ, ಮುಂದಿನ ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ಹೊತ್ತು ತಾಳುತ್ತದೆ. ನಿಮ್ಮ ಬಟ್ಟೆ ಯಾವ ತುಂಡಿನ ಜೊತೆ ಮಾಸಿತೋ ಅದು ಅದರ ಅಂಕ. ಒಂದು ಎಚ್ಚರಿಕೆ: ಒಗೆತದ ಅಂಕ 5ಕ್ಕೆ, ಬೆಳಕಿನ ಅಂಕ 8ಕ್ಕೆ. ಅಂಗಡಿಯವರು ಐದು ಅಂತ ಹೆಮ್ಮೆಯಿಂದ ಹೇಳಿದರೆ ಯಾವುದರಲ್ಲಿ ಐದು ಅಂತ ಕೇಳಿ. ಒಗೆತದಲ್ಲಿ ಅದು ಪೂರ್ತಿ ಅಂಕ, ಬೆಳಕಿನಲ್ಲಿ ಬರೀ ಮಧ್ಯಮ. ಪಡುವಣ ಕಿಟಕಿಗೆ 6 ಅಥವಾ ಮೇಲೆ ಇರಲಿ, ಹಿಂದೆ ಬಿಳಿ ಲೈನಿಂಗ್ ಹೊಲಿಸಿ.

ಅಂಗಡಿಯಲ್ಲಿ ಅಂಕ ಗೊತ್ತಿಲ್ಲ ಅಂದರೆ ಒಂದು ಗೇಣು ತುಂಡು ಕತ್ತರಿಸಿಕೊಡಿ ಅನ್ನಿ. ಅರ್ಧಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿ, ಕೆಲವು ವಾರ ಬಿಡಿ. ಫಾಯಿಲ್ ಬಿಚ್ಚಿದಾಗ ನಡುವೆ ಗೆರೆ ಕಂಡರೆ ಆ ಬಟ್ಟೆ ಆ ಕಿಟಕಿಗೆ ಬೇಡ. ಬಿಸಿಲು ಬೀಳದ ಮೂಲೆಯ ದಿವಾನಕ್ಕೆ ಬೇಕಾದರೆ ಆದೀತು.